ಎಂಜಿನ್ನಿನ ನೀರಡಿಕೆ

ತುಂಗಭದ್ರಾ ಜಲಾಶಯದಿಂದ 1953ರಲ್ಲಿ ಕಾಲುವೆಗೆ ನೀರು ಹರಿಯತೊಡಗಿತು. ಅನಂತರದ ವರ್ಷಗಳಲ್ಲಿ ಸಿಂಧನೂರಿನ ಸುತ್ತಲಿನ ಎರೆಯ ಹೊಲಗಳು ಭತ್ತದ ಗದ್ದೆಗಳಾಗಿ ಮಾರ್ಪಟ್ಟವು. ಗದ್ದೆಗಳ ಬೆನ್ನಹಿಂದೆಯೇ ಟ್ರ್ಯಾಕ್ಟರುಗಳು ಬಂದವು; ಅವುಗಳ ಹಿಂದೆ ಕೊಯ್ಲಿನ ಯಂತ್ರಗಳು ಬಂದವು. ಇಂದು ಸಿಂಧನೂರಿನಿಂದ ಮಸ್ಕಿಯನ್ನು ಹಾದು ಲಿಂಗಸುಗೂರಿಗೆ ಹೋಗುವ ರಸ್ತೆಯಲ್ಲಿ ಸುಗ್ಗಿಯ ಕಾಲಕ್ಕೆ ಎತ್ತಿನ ಗಾಡಿಗಿಂತ ಎಂಜಿನ್ನಿನ ಸದ್ದೇ ಹೆಚ್ಚು. ಬೇಸಿಗೆಯ ಬೆಳೆ ಕೊಯ್ಲಿಗೆ ಬರುವುದು ಏಪ್ರಿಲ್, ಮೇ ತಿಂಗಳುಗಳಲ್ಲಿ. ಆಗ ರಾಯಚೂರು ಸೀಮೆಯ ಉಷ್ಣತೆ ನೆರಳಿನಲ್ಲಿಯೂ 40 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಬೆಳೆ ಒಣಗಿ ನಿಂತಿದೆ, ಅಕಾಲದ ಮಳೆಯ ಅಂಜಿಕೆಯಿದೆ, ಯಂತ್ರಕ್ಕೆ ಗಂಟೆಯ ಲೆಕ್ಕದಲ್ಲಿ ಬಾಡಿಗೆ ಗೊತ್ತಾಗಿದೆ. ಅಂಥ ಹೊತ್ತಿನಲ್ಲಿ ಎಂಜಿನ್ನು ಕಾದು ಹಬೆಯುಗುಳಿ ನಿಂತರೆ ರೈತನ ಒಂದು ವರ್ಷದ ದುಡಿಮೆಯೇ ಅದರೊಡನೆ ನಿಲ್ಲುತ್ತದೆ. ಯಂತ್ರದ ಒಡೆಯನ ಪಾಡೂ ಸುಲಭವಲ್ಲ; ಸಾಲದ ಕಂತು ಸುಗ್ಗಿಯ ಗಳಿಕೆಯನ್ನೇ ನಂಬಿರುತ್ತದೆ.

ಎಂಜಿನ್ನು ಕಾಯುವುದು ಸಹಜವೇ. ಇಂಧನ ಉರಿದಾಗ ಹುಟ್ಟುವ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ಕೆಲಸವಾಗಿ ಪರಿಣಮಿಸುತ್ತದೆ. ಇನ್ನೊಂದು ಪಾಲು ಹೊಗೆಕೊಳವೆಯಿಂದ ಹೊರಬೀಳುತ್ತದೆ. ಉಳಿದುದರಲ್ಲಿ ಬಹುಭಾಗವನ್ನು ಸಿಲಿಂಡರುಗಳ ಸುತ್ತ ಹರಿಯುವ ದ್ರವ ಹೊತ್ತು ತಂದು ರೇಡಿಯೇಟರಿನ ಮೂಲಕ ಗಾಳಿಗೆ ಒಪ್ಪಿಸಬೇಕು. ಈ ದ್ರವಕ್ಕೆ ಶೀತಕವೆಂದು ಹೆಸರು. ಗ್ಯಾರೇಜಿನವರು ಕೂಲೆಂಟ್ ಎನ್ನುತ್ತಾರೆ.

ಹಿಂದಿನ ರೇಡಿಯೇಟರುಗಳು ತಾಮ್ರ, ಹಿತ್ತಾಳೆಗಳಿಂದ ಆಗುತ್ತಿದ್ದವು. ಎಂಜಿನ್ನಿನ ಒಡಲು ಎರಕದ ಕಬ್ಬಿಣದ್ದು. ಈಗಿನ ಅನೇಕ ವಾಹನಗಳಲ್ಲಿ ರೇಡಿಯೇಟರು ಅಲ್ಯೂಮಿನಿಯಮಿನದು. ಕಾರುಗಳಲ್ಲಂತೂ ಸಿಲಿಂಡರಿನ ಮೇಲಣ ಹೆಡ್ಡು, ನೀರಿನ ಪಂಪಿನ ಕವಚ ಕೂಡ ಸಾಮಾನ್ಯವಾಗಿ ಅದೇ ಲೋಹದವು. ಈ ಲೋಹದ ತೂಕ ಕಬ್ಬಿಣದ ತೂಕದ ಮೂರನೆಯ ಒಂದು ಪಾಲು. ಶಾಖವನ್ನು ಸಾಗಿಸುವುದರಲ್ಲಿ ಅದು ಕಬ್ಬಿಣಕ್ಕಿಂತ ಬಹಳ ಚುರುಕು. ಇಷ್ಟು ಗುಣವುಳ್ಳ ಲೋಹಕ್ಕೆ ಒಂದು ದೌರ್ಬಲ್ಯವೂ ಇದೆ.

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿಯಿರುವುದು ಎಲ್ಲರಿಗೂ ಗೊತ್ತು. ಮಸ್ಕಿಯ ಬಂಡೆಯ ಮೇಲಿನ ಅಶೋಕನ ಶಾಸನವನ್ನು 1915ರಲ್ಲಿ ಬೆಳಕಿಗೆ ತಂದ ಬೀಡನ್ ಕೂಡ ಚಿನ್ನದ ಗಣಿಗಾರಿಕೆಯ ಎಂಜಿನಿಯರನೇ. ಚಿನ್ನ ಸಾವಿರಾರು ವರ್ಷ ನೆಲದಲ್ಲಿ ಹೂತಿದ್ದರೂ ಮಾಸುವುದಿಲ್ಲ. ಗಾಳಿಯೊಡನೆ, ನೀರಿನೊಡನೆ ಅದು ಕೂಡಲೊಲ್ಲದು. ಅಲ್ಯೂಮಿನಿಯಮಿನ ಸ್ವಭಾವ ಇದಕ್ಕೆ ತೀರ ವಿರುದ್ಧವಾದುದು. ಗಾಳಿ ಸೋಂಕಿದ ಕ್ಷಣವೇ ಅದು ಆಮ್ಲಜನಕದೊಡನೆ ಸಂಯೋಗ ಹೊಂದುತ್ತದೆ. ಆದರೆ ಹೀಗೆ ಹುಟ್ಟಿದ ಆಕ್ಸೈಡು ಕಬ್ಬಿಣದ ತುಕ್ಕಿನಂತೆ ಉದುರಿಹೋಗದೆ, ಬಿಗಿಯಾದ ಪೊರೆಯಾಗಿ ಲೋಹವನ್ನು ಹೊದೆದುಕೊಳ್ಳುತ್ತದೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಕೆಲವೇ ಪಾಲಿನಷ್ಟು ದಪ್ಪದ ಪೊರೆಯದು. ಒಳಗಿನ ಲೋಹ ಬದುಕಿರುವುದು ಅದರ ಮರೆಯಲ್ಲಿ.

ಪೊರೆ ಹರಿದರೆ ಲೋಹಕ್ಕೆ ಬೇರೆ ರಕ್ಷಣೆಯಿಲ್ಲ. ಆಮ್ಲ ಅದನ್ನು ಕರಗಿಸುತ್ತದೆ. ತೀಕ್ಷ್ಣ ಕ್ಷಾರವೂ ಕರಗಿಸುತ್ತದೆ. ಪಿಎಚ್ ಮೌಲ್ಯ ಸುಮಾರು 4ರಿಂದ 8.5ರ ನಡುವೆ ಇರುವಷ್ಟು ಕಾಲ ಮಾತ್ರ ಅದು ಸಾಮಾನ್ಯವಾಗಿ ಕ್ಷೇಮ. ಇವೆರಡಕ್ಕಿಂತ ಕಪಟಿಯಾದ ಶತ್ರು ಉಪ್ಪಿನಲ್ಲಿರುವ ಕ್ಲೋರೈಡ್. ಅದು ಪೊರೆಯನ್ನು ಒಟ್ಟಾಗಿ ಕಳಚದೆ ಅಲ್ಲಲ್ಲಿ ಚುಚ್ಚಿ, ಸೂಜಿಮೊನೆಯಷ್ಟು ಕುಳಿಗಳನ್ನು ತೋಡುತ್ತ ಆಳಕ್ಕಿಳಿಯುತ್ತದೆ. ಸವಳು ನೀರನ್ನು ಬಹುದಿನ ತುಂಬಿಟ್ಟ ಅಲ್ಯೂಮಿನಿಯಂ ಪಾತ್ರೆಯ ತಳದಲ್ಲಿ ಬಿಳಿಯ ಬೊಕ್ಕೆಗಳು ಏಳುವುದನ್ನೂ, ಕೊನೆಗೊಂದು ದಿನ ಪಾತ್ರೆ ಸೋರುವುದನ್ನೂ ಗೃಹಿಣಿಯರು ಬಲ್ಲರು. ರೇಡಿಯೇಟರಿನ ಕೊಳವೆಯ ಗೋಡೆ ಪಾತ್ರೆಯ ತಳಕ್ಕಿಂತಲೂ ತೆಳುವಾದುದು.

ಕಾಲುವೆಯ ಅಂಚಿನಿಂದ ದೂರ ಸರಿದಂತೆ ಈ ಸೀಮೆಯ ಅನೇಕ ಕೊಳವೆಬಾವಿಗಳ ನೀರು ಸವಳು, ಗಡಸು. ಟ್ರ್ಯಾಕ್ಟರಿನಲ್ಲಿ ನೀರು ಇಳಿಯಿತೆಂದು ಹೊಲದ ಮಗ್ಗುಲಿನ ಕೊಳವೆಬಾವಿಯಿಂದ ಒಂದು ಕೊಡ ಸುರಿಯುವುದು ಸಾಮಾನ್ಯ ರೂಢಿ. ಆ ಕೊಡದೊಡನೆ ಕ್ಲೋರೈಡೂ ಒಳಹೊಗುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳೂ ಒಳಹೊಗುತ್ತವೆ. ಸ್ನಾನದ ಹಂಡೆಯಲ್ಲಿ ಕಟ್ಟುವಂಥ ಬಿಳಿಯ ಕಲ್ಲಿನ ಪದರ ಎಂಜಿನ್ನಿನೊಳಗೂ ಕಟ್ಟುತ್ತದೆ. ಆ ಪದರ ಶಾಖವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಹೊರಗೆ ನೀರು ತುಂಬಿದ್ದಂತೆ ಕಾಣುತ್ತಿದ್ದರೂ ಒಳಗೆ ಹೆಡ್ಡು ಕಾದು ಡೊಂಕಾಗುತ್ತದೆ, ಗ್ಯಾಸ್ಕೆಟ್ ಸುಟ್ಟುಹೋಗುತ್ತದೆ.

ಇದಲ್ಲದೆ ಒಂದೇ ನೀರಿನಲ್ಲಿ ಕಬ್ಬಿಣ, ತಾಮ್ರ, ಅಲ್ಯೂಮಿನಿಯಂ ಮೂರೂ ಮುಳುಗಿದ್ದರೆ ಅಲ್ಲೊಂದು ವಿದ್ಯುತ್ ಕೋಶವೇ ಏರ್ಪಡುತ್ತದೆ. ಪ್ರಯೋಗಶಾಲೆಯ ಕೋಶದಲ್ಲಿ ಸತುವು ಸವೆಯುವಂತೆ ಇಲ್ಲಿ ಅಲ್ಯೂಮಿನಿಯಂ ಸವೆಯುತ್ತದೆ. ನೀರಿನಲ್ಲಿ ಲವಣ ಹೆಚ್ಚಿದಷ್ಟೂ ಈ ಸವೆತಕ್ಕೆ ಅನುಕೂಲ.

“ನಮ್ಮಲ್ಲಿ ಹಿಮ ಬೀಳುವುದಿಲ್ಲ, ಕೂಲೆಂಟಿಗೆ ಹಣ ಸುರಿಯುವುದು ಏತಕ್ಕೆ?” ಎಂಬ ಮಾತು ಊರಿನ ಕಟ್ಟೆಯ ಮೇಲೆ ಕೇಳಿಬರುತ್ತದೆ. ಮಾತಿನಲ್ಲಿ ಅರ್ಧ ಸತ್ಯವಿದೆ. ಶೀತಕದ ಮುಖ್ಯ ಅಂಶವಾದ ಎಥಿಲೀನ್ ಗ್ಲೈಕಾಲನ್ನು ಮೊದಲು ಬಳಸಿದ್ದು ಚಳಿನಾಡುಗಳಲ್ಲಿ, ನೀರು ಹೆಪ್ಪುಗಟ್ಟದಿರಲೆಂದು. ಅದನ್ನೂ ನೀರನ್ನೂ ಸಮಭಾಗ ಬೆರೆಸಿದರೆ ಸೊನ್ನೆಗಿಂತ 35 ಡಿಗ್ರಿ ಕೆಳಗಿಳಿದರೂ ಮಿಶ್ರಣ ಗಟ್ಟಿಯಾಗದು. ಸಿಂಧನೂರಿಗೆ ಆ ಗುಣದಿಂದ ಪ್ರಯೋಜನವಿಲ್ಲ. ಅದೇ ಮಿಶ್ರಣ ನೀರಿಗಿಂತ ಏಳೆಂಟು ಡಿಗ್ರಿ ಮೇಲೆ ಕುದಿಯುತ್ತದೆಂಬುದು ಇಲ್ಲಿಗೆ ಬೇಕಾದ ಗುಣ. ಅದಕ್ಕಿಂತಲೂ ಬೇಕಾದುದು, ಗ್ಲೈಕಾಲಿನೊಡನೆ ಅಲ್ಪ ಪ್ರಮಾಣದಲ್ಲಿ ಬೆರೆತಿರುವ ಲೋಹರಕ್ಷಕ ದ್ರವ್ಯಗಳು. ಕೂಲೆಂಟಿಗೆ ಕೊಡುವ ಹಣ ಈ ಸೀಮೆಯಲ್ಲಿ ಮುಖ್ಯವಾಗಿ ಇವುಗಳಿಗಾಗಿ ಕೊಟ್ಟದ್ದೆಂದು ತಿಳಿಯಬೇಕು.

ಎಲ್ಲ ಕೂಲೆಂಟುಗಳಲ್ಲಿಯೂ ಈ ದ್ರವ್ಯಗಳು ಒಂದೇ ಅಲ್ಲ. ಹಳೆಯ ಬಗೆಯಲ್ಲಿ ಸಿಲಿಕೇಟು ಅಲ್ಯೂಮಿನಿಯಮಿನ ಮೇಲೆ ಬೇಗನೆ ಪೊರೆ ಕಟ್ಟುತ್ತದೆ. ಆದರೆ ಬೇಗನೆ ತೀರಿಯೂ ಹೋಗುತ್ತದೆ. ಅಂಥದನ್ನು ಸುಮಾರು ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಹೊಸ ಬಗೆಯವುಗಳಲ್ಲಿರುವ ಸಾವಯವ ಆಮ್ಲಗಳ ಲವಣಗಳು ಲೋಹ ನಶಿಸತೊಡಗಿದೆಡೆಯಲ್ಲಿಯೇ ಹೋಗಿ ಕೂಡಿ ಕಾಯುತ್ತವೆ. ಇವು ಐದು ವರ್ಷದವರೆಗೂ ಬಾಳುವುದುಂಟು. ಜಪಾನಿನ ತಯಾರಕರು ಹೆಚ್ಚಾಗಿ ಫಾಸ್ಫೇಟನ್ನು ನೆಚ್ಚಿ ಸಿಲಿಕೇಟನ್ನು ಬಿಟ್ಟರು. ಯುರೋಪಿನವರು ತಮ್ಮ ಗಡಸು ನೀರಿನಲ್ಲಿ ಫಾಸ್ಫೇಟು ಕಲ್ಲಾಗುತ್ತದೆಂದು ಅದನ್ನೇ ಕೈಬಿಟ್ಟರು. ಭಾರಿ ಡೀಸೆಲ್ ಎಂಜಿನ್ನುಗಳ ಚಿಂತೆ ಇನ್ನೊಂದು ತೆರ. ಸಿಲಿಂಡರಿನ ಲೈನರು ಅದುರಿದಾಗ ನೀರಿನಲ್ಲಿ ಗುಳ್ಳೆಗಳು ಹುಟ್ಟಿ ಒಡೆದು ಕಬ್ಬಿಣವನ್ನೇ ಕುಟ್ಟಿ ಕುಳಿ ಮಾಡುತ್ತವೆ. ಅದನ್ನು ತಡೆಯಲು ಕೆಲವು ಕೂಲೆಂಟುಗಳಲ್ಲಿ ನೈಟ್ರೈಟು ಬೆರೆಸಿರುತ್ತಾರೆ. ಆದಕಾರಣ ಕಾರಿಗೆ ಒಗ್ಗಿದ ಕೂಲೆಂಟು ಕೊಯ್ಲಿನ ಯಂತ್ರಕ್ಕೆ ಒಗ್ಗಲೇಬೇಕೆಂದಿಲ್ಲ.

ಅಂಗಡಿಯಲ್ಲಿ ಹಲವರು ಬಣ್ಣ ನೋಡಿ ಕೊಳ್ಳುತ್ತಾರೆ. ಇದು ಸರಿಯಾದ ಕ್ರಮವಲ್ಲ. ಹಸಿರು, ಕೆಂಪು, ನೀಲಿಗಳು ಬೆರೆಸಿದ ಬಣ್ಣಗಳಷ್ಟೆ. ಒಂದೇ ಬಣ್ಣದ ಎರಡು ಡಬ್ಬಿಗಳಲ್ಲಿ ಬೇರೆಬೇರೆ ದ್ರವ್ಯಗಳಿರಬಹುದು. ವಾಹನದ ಕೈಪಿಡಿಯಲ್ಲಿ ಸೂಚಿಸಿದ ಬಗೆಯೂ ಡಬ್ಬಿಯ ಮೇಲಿನ ಬರಹವೂ ಹೊಂದಿಕೆಯಾಗಬೇಕು. ಭಾರತೀಯ ಮಾನಕ ಐ.ಎಸ್. 5759ರ ಉಲ್ಲೇಖವಿದೆಯೇ ಎಂದೂ ನೋಡಬೇಕು. ಬೇರೆ ಬಗೆಗಳನ್ನು ಬೆರೆಸಿದರೆ ಒಂದರ ರಕ್ಷಕ ದ್ರವ್ಯ ಇನ್ನೊಂದರಿಂದ ಕೆಟ್ಟು, ಕೆಲವೊಮ್ಮೆ ಲೋಳೆಯಾಗಿ ರೇಡಿಯೇಟರಿನ ಕೊಳವೆಗಳಲ್ಲಿ ಕಟ್ಟಿಕೊಳ್ಳುತ್ತದೆ.

ಬೆರೆಸುವ ನೀರು ಲವಣ ತೆಗೆದುದು ಅಥವಾ ಬಟ್ಟಿ ಇಳಿಸಿದುದು ಆಗಿರಬೇಕು. ಬ್ಯಾಟರಿಗೆ ಹಾಕುವ ಶುದ್ಧ ನೀರು ಇಲ್ಲಿಯೂ ಸಲ್ಲುತ್ತದೆ. ಇದು ಬೇಡವೆನ್ನುವವರಿಗೆ ಮೊದಲೇ ನೀರು ಬೆರೆಸಿದ ಕೂಲೆಂಟು ದೊರೆಯುತ್ತದೆ. ಅಪ್ಪಟ ಗ್ಲೈಕಾಲನ್ನೇ ತುಂಬಿದರೆ ಇನ್ನೂ ಒಳ್ಳೆಯದೆಂದು ಎಣಿಸಬಾರದು. ಶಾಖ ಹೊರುವ ಶಕ್ತಿಯಲ್ಲಿ ಅದು ನೀರಿಗೆ ಸಮನಲ್ಲ. ಕಾಲ ಕಳೆದಂತೆ ಗ್ಲೈಕಾಲು ತಾನೇ ಒಡೆದು ಆಮ್ಲಗಳನ್ನು ಹುಟ್ಟಿಸುತ್ತದೆ. ಹಿಂದೆ ಕಾವಲುಗಾರನಾಗಿದ್ದ ದ್ರವವೇ ಹಳತಾದಾಗ ಅಲ್ಯೂಮಿನಿಯಮನ್ನು ಮೆಲ್ಲತೊಡಗುತ್ತದೆ. ಗೊತ್ತಾದ ಅವಧಿಗೆ ಬದಲಿಸುವುದು ಅದಕ್ಕಾಗಿಯೇ.

ಬದಲಿಸುವಾಗ ಎಂಜಿನ್ನು ಪೂರ್ತಿ ಆರಿರಬೇಕು. ರೇಡಿಯೇಟರಿನ ಮುಚ್ಚಳ ಒಳಗಿನ ಒತ್ತಡವನ್ನು ಹಿಡಿದಿಟ್ಟಿರುತ್ತದೆ. ಬಿಸಿಯಿರುವಾಗ ತಿರುವಿದರೆ ಕುದಿವ ದ್ರವ ಚಿಮ್ಮಿ ಮುಖ, ಕೈಗಳನ್ನು ಸುಡುತ್ತದೆ. ಹೊರಬಿಟ್ಟ ಹಳೆಯ ಕೂಲೆಂಟನ್ನು ಕಾಲುವೆಗೆ, ದನಗಳು ನೀರು ಕುಡಿಯುವ ಹೊಂಡಕ್ಕೆ ಚೆಲ್ಲಕೂಡದು. ಎಥಿಲೀನ್ ಗ್ಲೈಕಾಲು ಸಿಹಿಯಾಗಿರುತ್ತದೆ. ನಾಯಿಗಳೂ ದನಕರುಗಳೂ ಅದನ್ನು ನೆಕ್ಕುವುದುಂಟು. ದೇಹವನ್ನು ಹೊಕ್ಕ ಮೇಲೆ ಅದು ಆಕ್ಸಾಲಿಕ್ ಆಮ್ಲವಾಗಿ ಮಾರ್ಪಟ್ಟು, ಮೂತ್ರಪಿಂಡಗಳಲ್ಲಿ ಹರಳುಗಟ್ಟಿ ಪ್ರಾಣ ತೆಗೆಯುತ್ತದೆ. ಮನುಷ್ಯರಿಗೂ ಅದು ಅಷ್ಟೇ ವಿಷ. ಕುಡಿಯುವ ನೀರಿನ ಖಾಲಿ ಬಾಟಲಿಯಲ್ಲಿ ಅದನ್ನು ತುಂಬಿಡುವ ಅಭ್ಯಾಸ ಗ್ಯಾರೇಜುಗಳಲ್ಲಿಯೂ ಮನೆಗಳಲ್ಲಿಯೂ ಇನ್ನೂ ತಪ್ಪಿಲ್ಲ.