ಹಿಮದ ಅಡಿಯ ನಾದ

ತಾರಿಹಾಳದ ಎರೆಹೊಲಗಳಿಗೂ ಉತ್ತರಧ್ರುವದ ಹಿಮಕ್ಕೂ ಏನು ನಂಟು ಎಂದು ಓದುಗರು ಕೇಳಬಹುದು. ಮುಂಗಾರು ಮಳೆಯೇ ಆ ನಂಟು ಇರಬಹುದೆಂದು ಬಗೆದು ನಮ್ಮ ದೇಶದ ವಿಜ್ಞಾನಿಗಳು 2014ರ ಜುಲೈ ತಿಂಗಳಿನಲ್ಲಿ ಸ್ವಾಲ್ಬಾರ್ಡ್ ದ್ವೀಪಸಮೂಹದ ಕಾಂಗ್ಸ್‌ಫ್ಯೋರ್ಡ್ ಎಂಬ ಕಡಲಕೊಲ್ಲಿಯಲ್ಲಿ, 192 ಮೀಟರ್ ಆಳದ ನೀರಿಗೆ 'ಇಂಡ್‌ಆರ್ಕ್' ಎಂಬ ವೀಕ್ಷಣಾ ವ್ಯವಸ್ಥೆಯನ್ನು ಇಳಿಸಿದರು. ನೀರಿನ ಉಷ್ಣತೆ, ಲವಣಾಂಶಗಳನ್ನು ಅಳೆಯುವುದು ಅದರ ಕೆಲಸ. ಅದೇ ಕೊಲ್ಲಿಯಲ್ಲಿ ನೀರಿನೊಳಗಿನ ಶಬ್ದವನ್ನು ಆಲಿಸುವ ಯಂತ್ರಗಳನ್ನೂ ಅವರು ಇಟ್ಟರು.

ಕಡಲಿನಲ್ಲಿ ಕಣ್ಣಿಗಿಂತ ಕಿವಿಯೇ ಹೆಚ್ಚು ಉಪಯೋಗಕಾರಿ. ಬೆಳಕು ಕೆಲವು ನೂರು ಮೀಟರುಗಳಲ್ಲಿಯೇ ಅಡಗಿಹೋಗುತ್ತದೆ. ಶಬ್ದವಾದರೋ ಸೆಕೆಂಡಿಗೆ ಸುಮಾರು 1500 ಮೀಟರ್ ವೇಗದಿಂದ ಬಹುದೂರ ಸಾಗುತ್ತದೆ. ಗಾಳಿಯಲ್ಲಿ ಅದರ ವೇಗ ಸುಮಾರು 340 ಮೀಟರ್ ಮಾತ್ರ. 1912ರಲ್ಲಿ ಟೈಟಾನಿಕ್ ಹಡಗು ಹಿಮಬಂಡೆಗೆ ತಾಗಿ ಮುಳುಗಿದ ಮೇಲೆ ಈ ಸಂಗತಿಗೆ ಬೆಲೆ ಬಂದಿತು. 1914ರ ಏಪ್ರಿಲ್‌ನಲ್ಲಿ ಫೆಸೆಂಡೆನ್ ಎಂಬ ವಿಜ್ಞಾನಿ ಹಡಗಿನಿಂದ ಶಬ್ದವನ್ನು ಕಳುಹಿಸಿ, ಸುಮಾರು ಎರಡು ಮೈಲಿ ದೂರದ ಹಿಮಬಂಡೆಯ ಪ್ರತಿಧ್ವನಿಯನ್ನು ಕೇಳಿದರು. ಕಡಲತಳದಿಂದಲೂ ಮರುದನಿ ಬಂದಿತ್ತು.

ಬಂದ ಮರುದನಿಯೆಲ್ಲ ಒಂದೇ ಬಗೆಯದಲ್ಲ. ತಳದಲ್ಲಿ ಮೆತ್ತನೆಯ ಕೆಸರಿದ್ದರೆ ಶಬ್ದದ ಬಹುಭಾಗ ಅದರೊಳಗೆ ಇಂಗುತ್ತದೆ. ಬಂಡೆಯೋ ಜಲ್ಲಿಯೋ ಇದ್ದರೆ ನಾನಾ ದಿಕ್ಕಿಗೆ ಚದುರುತ್ತದೆ. ಈ ಚದುರುವಿಕೆಯನ್ನು ಅಳೆಯಲು ಕಳುಹಿಸಿದ ಶಬ್ದದ ಬಲ ತಿಳಿದಿರಬೇಕು, ದಾರಿಯಲ್ಲಿ ಸವೆದುದನ್ನು ಲೆಕ್ಕ ಹಿಡಿಯಬೇಕು, ಮರಳಿ ಬಂದುದನ್ನು ಅದಕ್ಕೆ ಹೋಲಿಸಬೇಕು. ಸಂತೆಯಲ್ಲಿ ಮಡಕೆಯನ್ನು ಬೆರಳಿನಿಂದ ತಟ್ಟಿ ಕೊಳ್ಳುವ ನಮ್ಮ ತಾಯಂದಿರಿಗೆ ಇದರ ತಿರುಳು ಹೊಸದಲ್ಲ. ಹಾಗೆಂದು ನಾದದ ತತ್ತ್ವವನ್ನು ಅರಿತ ನಮ್ಮ ಶರಣರು ಈ ಯಂತ್ರವಿದ್ಯೆಯನ್ನೂ ಬಲ್ಲವರಾಗಿದ್ದರೆಂದು ವಾದಿಸುವವರ ಮಾತು ನಮಗೆ ಒಪ್ಪಿಗೆಯಿಲ್ಲ. ಅವರ ನಾದ ಅಂತರಂಗದ್ದು. ಅದಕ್ಕೆ ಇಂತಹ ಒತ್ತಾಸೆ ಬೇಕಿಲ್ಲ.

ಉತ್ತರಧ್ರುವದ ಕಡಲಿನಲ್ಲಿ ಒಂದು ವಿಶೇಷವುಂಟು. ಅಲ್ಲಿ ಮೇಲ್ಮೈಯ ನೀರು ಅತ್ಯಂತ ತಣ್ಣಗಿರುವುದರಿಂದ ಶಬ್ದದ ವೇಗ ಮೇಲ್ಗಡೆ ಕಡಿಮೆ, ಆಳಕ್ಕೆ ಹೋದಂತೆ ಹೆಚ್ಚು. ಆದುದರಿಂದ ಶಬ್ದ ಮೇಲಕ್ಕೆ ಬಾಗಿ ಹಿಮದ ಅಡಿಮೈಗೆ ಮತ್ತೆ ಮತ್ತೆ ತಾಗುತ್ತದೆ. ಆ ಅಡಿಮೈ ನೆಲಗಟ್ಟಿನಂತೆ ನುಣುಪಲ್ಲ. ಹಿಮದ ಹಲಗೆಗಳು ಒಂದನ್ನೊಂದು ಒತ್ತಿ ಏಣುಗಳಾಗಿ ಕೆಳಗೆ ಜೋತಿರುತ್ತವೆ. ತಾಗಿದಾಗಲೆಲ್ಲ ಶಬ್ದ ಸ್ವಲ್ಪ ಸ್ವಲ್ಪವೇ ಚದುರಿ ಕ್ಷೀಣಿಸುತ್ತದೆ; ತಗ್ಗು ಸ್ವರ ಉಳಿದುಕೊಳ್ಳುತ್ತದೆ, ಏರುಸ್ವರ ಬೇಗ ಅಳಿಯುತ್ತದೆ. ಹಲವು ವರ್ಷಗಳ ದಪ್ಪ ಹಿಮ ಕರಗಿ, ಒಂದೇ ಚಳಿಗಾಲದ ತೆಳು ಹಿಮ ಅದರ ಸ್ಥಳದಲ್ಲಿ ಕಟ್ಟಿದಂತೆ ಈ ಅಡಿಮೈಯ ಸ್ವರೂಪವೂ, ಅದರೊಡನೆ ಶಬ್ದದ ಗತಿಯೂ ಬದಲಾಗುತ್ತವೆ.

ಕಾಂಗ್ಸ್‌ಫ್ಯೋರ್ಡ್‌ನ ಯಂತ್ರಗಳಿಗಾದರೋ ಶಬ್ದವನ್ನು ಕಳುಹಿಸುವ ಶ್ರಮವಿಲ್ಲ. ಅಂಚಿನ ಹಿಮನದಿಗಳಿಂದ ತುಂಡುಗಳು ಕಳಚಿ ಬೀಳುವ ಸಪ್ಪಳ, ಕರಗುವ ಹಿಮದೊಳಗಿನ ಗಾಳಿಗುಳ್ಳೆಗಳು ಒಡೆಯುವ ಚಿಟಪಟ, ಇವು ತಾವಾಗಿಯೇ ನೀರನ್ನು ತುಂಬುತ್ತವೆ.