ಕಂಪನಿ ಯಾವ ದೇಶದ್ದು ಅಂತ ನೋಡ್ಕೊಂಡು ಸುದ್ದಿ ಬರೀತಾರಾ?

ಹೋದ ಎಪಿಸೋಡ್ ಆದ್ಮೇಲೆ ಕನಕಪುರ ಕಡೆಯ ಒಬ್ಬ ಕೇಳುಗರು ಒಂದು ವಾಯ್ಸ್ ನೋಟ್ ಕಳಿಸಿದ್ರು. ಅವರ ಮನೇಲಿ ರೇಷ್ಮೆ ಸಾಕ್ತಾರೆ, ಗೂಡನ್ನ ರಾಮನಗರ ಮಾರ್ಕೆಟ್‌ಗೆ ತರ್ತಾರೆ. ಜೊತೆಗೆ ಒಂದು ಸ್ಕ್ರೀನ್‌ಶಾಟ್ ಇತ್ತು, ಚೀನಾ ರೇಷ್ಮೆ ಬಂದು ಗೂಡಿನ ರೇಟು ಬಿತ್ತು ಅನ್ನೋ ಥರದ ಸುದ್ದಿ. ಅವರ ಪ್ರಶ್ನೆ ಇಷ್ಟೇ: "ನಮ್ಮ ಪೇಪರ್‌ನವರು ಚೀನಾನ ಹಿಂಗೆ ಬೈತಾರಲ್ಲ ಅಣ್ಣ, ಅಲ್ಲಿನ ಪೇಪರ್‌ನವರು ಅವರ ಕಂಪನಿಗಳ ತಪ್ಪನ್ನ ಬರೀತಾರಾ? ಇಲ್ಲಾ ಬರೀ ಹೊರಗಿನವರನ್ನೇ ಬೈತಾರಾ?"

ಪ್ರಶ್ನೆ ಚೀನಾದ್ದು, ಆದ್ರೆ ಉತ್ತರ ಹುಡುಕ್ತಾ ಹೋದ್ರೆ ಸುತ್ತಾಡಿ ಬಿಡದಿಗೆ, ಗೂಡಿನ ಮಾರ್ಕೆಟ್‌ಗೇ ಬಂದು ನಿಲ್ಲುತ್ತೆ. ಮೊದಲು ಚೀನಾಗೆ ಹೋಗೋಣ.

ಮಾರ್ಚ್ 15 ವಿಶ್ವ ಗ್ರಾಹಕರ ಹಕ್ಕುಗಳ ದಿನ. ಆ ದಿನ ರಾತ್ರಿ ಚೀನಾದ ಸರ್ಕಾರಿ ಟಿವಿ ಸಿಸಿಟಿವಿಯಲ್ಲಿ ಒಂದು ದೊಡ್ಡ ಶೋ ಬರುತ್ತೆ. 1991ರಿಂದ ನಡ್ಕೊಂಡು ಬಂದಿದೆ. ಗ್ರಾಹಕರಿಗೆ ಮೋಸ ಮಾಡಿದ ಕಂಪನಿಗಳನ್ನ ಹೆಸರು ಹಿಡಿದು ಬಯಲಿಗೆಳೀತಾರೆ. ಅವತ್ತು ರಾತ್ರಿ ಅಲ್ಲಿನ ಕಂಪನಿಗಳ ಪಿಆರ್ ಟೀಮ್‌ಗೆ ನಿದ್ದೆ ಇರಲ್ಲ.

2013ರಲ್ಲಿ ಸಿಕ್ಕಿಬಿದ್ದಿದ್ದು ಆ್ಯಪಲ್. ಬೇರೆ ದೇಶಗಳಲ್ಲಿ ಕೊಡೋ ವಾರಂಟಿಯನ್ನ ಚೀನಾದಲ್ಲಿ ಕೊಡ್ತಿಲ್ಲ, ರಿಪೇರಿಗೆ ಬಂದ ಫೋನಿನ ಹಿಂಬದಿ ಕವರ್ ಹಳೇದನ್ನೇ ಇಟ್ಟು ವಾಪಸ್ ಕೊಡ್ತಿದೆ ಅಂತ ಆರೋಪ. ಆಮೇಲೆ ಕಮ್ಯುನಿಸ್ಟ್ ಪಕ್ಷದ ಮುಖವಾಣಿ ಪೀಪಲ್ಸ್ ಡೈಲಿ ದಿನಗಟ್ಟಲೆ ಆ್ಯಪಲ್ ಬೆನ್ನು ಬಿಡಲಿಲ್ಲ. ಏಪ್ರಿಲ್ 1ರಂದು ಟಿಮ್ ಕುಕ್ ಚೀನೀ ಭಾಷೆಯಲ್ಲಿ ಪತ್ರ ಬರೆದು ಕ್ಷಮೆ ಕೇಳಿದ್ರು. (ಮೂರ್ಖರ ದಿನವೇ ಸಿಕ್ತಾ ಅವರಿಗೆ, ಗೊತ್ತಿಲ್ಲ.)

ಈ ಕಥೇಲಿ ಒಂದು ತಮಾಷೆ ಇದೆ. ಶೋ ನಡೀತಿದ್ದ ಹಾಗೇ ನಟ ಪೀಟರ್ ಹೋ ಅವರ ವೀಬೋ ಖಾತೆಯಲ್ಲಿ, ವೀಬೋ ಅಂದ್ರೆ ಅಲ್ಲಿನ ಟ್ವಿಟರ್ ಅಂದ್ಕೊಳ್ಳಿ, ಆ್ಯಪಲ್‌ನ ಬೈದು ಒಂದು ಪೋಸ್ಟ್ ಬಂತು. ಪೋಸ್ಟ್‌ನ ಕೊನೇಲಿ "ಸುಮಾರು 8:20ಕ್ಕೆ ಹಾಕಿ" ಅನ್ನೋ ಅರ್ಥದ ಸಾಲೂ ಹಾಗೇ ಉಳ್ಕೊಂಡಿತ್ತು! ಖಾತೆ ಹ್ಯಾಕ್ ಆಗಿತ್ತು ಅಂತ ಅವರು ಹೇಳಿದ್ರು. ಆದ್ರೆ ಯಾರೋ ಬರ್ಕೊಟ್ಟಿದ್ದನ್ನ ಕಾಪಿ ಪೇಸ್ಟ್ ಮಾಡಿದ್ದಾರೆ ಅಂತ ಜನ ನಕ್ಕಿದ್ದೇ ನಕ್ಕಿದ್ದು. ಅದೇ ವರ್ಷ ಅಕ್ಟೋಬರ್‌ನಲ್ಲಿ, ಬೀಜಿಂಗ್‌ನಲ್ಲಿ 27 ಯುವಾನ್ ಇರೋ ಸ್ಟಾರ್‌ಬಕ್ಸ್ ಲಾಟೆ ಬೇರೆ ದೇಶಗಳಿಗಿಂತ ದುಬಾರಿ ಅಂತ ಸಿಸಿಟಿವಿ ವರದಿ ಮಾಡ್ತು. ಆಗ್ಲೂ ಜನ ತಿರುಗಿ ಕೇಳಿದ್ರು: ಕಾಫಿ ಬಿಡಿ, ಮನೆ ರೇಟಿನ ಬಗ್ಗೆ ಯಾವಾಗ ಹೇಳ್ತೀರಾ? ಓದುಗರು ದಡ್ಡರಲ್ಲ, ಎಲ್ಲೂ.

ಹಾಗಂತ ಅದೇ ಸಿಸಿಟಿವಿ ಸ್ವದೇಶಿ ಕಂಪನಿಗಳನ್ನ ಬಿಟ್ಟೇಬಿಡುತ್ತೆ ಅಂದ್ಕೋಬೇಡಿ. 2011ರಲ್ಲಿ ಅಲ್ಲಿನ ಬಹುದೊಡ್ಡ ಮಾಂಸದ ಕಂಪನಿ ಶುವಾಂಗ್‌ಹುಯಿಯನ್ನೇ ಹಿಡಿದಿತ್ತು. ಹಂದಿಗಳಿಗೆ ನಿಷೇಧಿತ ಔಷಧಿ ಕೊಟ್ಟಿದ್ದ ಪ್ರಕರಣ ಅದು. ಹಾಗಾಗಿ "ಬರೆಯೋದೇ ಇಲ್ಲ" ಅನ್ನೋದು ಸುಳ್ಳು. ಬರೀತಾರೆ. ಯಾವಾಗ ಬರೀತಾರೆ, ಹೆಸರು ಹಾಕ್ತಾರಾ ಇಲ್ವಾ, ಎಷ್ಟು ದಿನ ಬರೀತಾರೆ, ವ್ಯತ್ಯಾಸ ಇರೋದು ಅಲ್ಲಿ.

ಇದಕ್ಕೆ ನಾನು ಕಂಡ ಅತ್ಯಂತ ಕೆಟ್ಟ ಉದಾಹರಣೆ 2008ರ ಹಾಲಿನ ಪುಡಿಯದ್ದು. ಸ್ವಲ್ಪ ನಿಧಾನವಾಗಿ ಹೇಳ್ತೀನಿ.

ಸಾನ್‌ಲು ಅಂತ ಒಂದು ಕಂಪನಿ, ಹೆಬೇ ಪ್ರಾಂತ್ಯದ್ದು. ಮಕ್ಕಳ ಹಾಲಿನ ಪುಡಿಯಲ್ಲಿ ಚೀನಾದಲ್ಲೇ ದೊಡ್ಡ ಹೆಸರು. ನೀರು ಬೆರೆಸಿದ ಹಾಲಲ್ಲಿ ಪ್ರೊಟೀನ್ ಜಾಸ್ತಿ ಇರೋ ಹಾಗೆ ಟೆಸ್ಟ್‌ನಲ್ಲಿ ತೋರ್ಸೋಕೆ ಮೆಲಮೈನ್ ಅನ್ನೋ ರಾಸಾಯನಿಕ ಸೇರಿಸ್ತಿದ್ರು. ಪ್ಲಾಸ್ಟಿಕ್ ತಟ್ಟೆ ಮಾಡೋಕೆ ಬಳಸೋ ವಸ್ತು ಅದು. ಅದನ್ನ ಕುಡಿದ ಕೂಸುಗಳ ಮೂತ್ರಪಿಂಡದಲ್ಲಿ ಕಲ್ಲು. ಜುಲೈ ಕೊನೆಯ ಹೊತ್ತಿಗೇ ಗುವಾಂಗ್‌ಝೌನ ಸದರ್ನ್ ವೀಕ್ಲಿ ಪತ್ರಿಕೆಗೆ ವಿಷಯ ಗೊತ್ತಾಗಿತ್ತು. ಆದ್ರೆ ಆಗಸ್ಟ್ 8ಕ್ಕೆ ಬೀಜಿಂಗ್ ಒಲಿಂಪಿಕ್ಸ್ ಶುರು. ದೇಶದ ಮಾನ ಹೋಗೋ ಸುದ್ದಿ ಬೇಡ ಅನ್ನೋ ಒತ್ತಡದಲ್ಲಿ ವರದಿ ಮಾಡೋಕೆ ಆಗಲಿಲ್ಲ ಅಂತ ಅಲ್ಲಿನ ಸಂಪಾದಕ ಫು ಜಿಯಾನ್‌ಫೆಂಗ್ ಆಮೇಲೆ ತಾವೇ ಬರೆದುಕೊಂಡ್ರು.

ಒಲಿಂಪಿಕ್ಸ್ ಮುಗೀತು. ಸೆಪ್ಟೆಂಬರ್‌ನಲ್ಲಿ ಮಕ್ಕಳಿಗೆ ಕಾಯಿಲೆ ಅಂತ ಸುದ್ದಿ ಬರೋಕೆ ಶುರುವಾಯ್ತು. ಆದ್ರೆ ಆ ಪುಡಿ ಯಾವುದು? "ಒಂದು ಬ್ರ್ಯಾಂಡ್". ಅಷ್ಟೇ. ಮನೇಲಿ ಡಬ್ಬ ಇಟ್ಕೊಂಡಿರೋ ತಾಯಿಗೆ "ಒಂದು ಬ್ರ್ಯಾಂಡ್" ಅಂದ್ರೆ ಏನು ಉಪಯೋಗ ಹೇಳಿ? ಸೆಪ್ಟೆಂಬರ್ 11ರಂದು ಶಾಂಘೈನ ಓರಿಯೆಂಟಲ್ ಮಾರ್ನಿಂಗ್ ಪೋಸ್ಟ್‌ನಲ್ಲಿ ಜಿಯಾನ್ ಗುವಾಂಗ್‌ಝೌ ಅನ್ನೋ ವರದಿಗಾರ ಸಾನ್‌ಲು ಹೆಸರನ್ನ ಬರೆದೇಬಿಟ್ರು. ಅವತ್ತು ರಾತ್ರಿಯೇ ಕಂಪನಿ ಪುಡಿಯನ್ನ ವಾಪಸ್ ತರಿಸ್ಕೊಳ್ತೀವಿ ಅಂತು. ಲೆಕ್ಕ ಸಿಕ್ಕಾಗ ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದಿದ್ರು, 6 ಮಕ್ಕಳು ತೀರ್ಕೊಂಡಿದ್ರು. ಜುಲೈನಿಂದ ಸೆಪ್ಟೆಂಬರ್‌ವರೆಗೆ ಒಂದು ಹೆಸರು ಅಚ್ಚಾಗಲಿಲ್ಲ, ಅಷ್ಟು ದಿನ ಡಬ್ಬಗಳು ಮಾರಾಟ ಆಗ್ತಾನೇ ಇದ್ವು.

ಇಲ್ಲಿ ಇನ್ನೊಂದು ಸೂಕ್ಷ್ಮ ಗಮನಿಸಿ. ಕಂಪನಿ ಹೆಬೇದು. ಹೆಸರು ಬರೆದಿದ್ದು ಶಾಂಘೈ ಪತ್ರಿಕೆ. ಇದು ಆಕಸ್ಮಿಕ ಅಲ್ಲ. ಚೀನಾದಲ್ಲಿ ಸ್ಥಳೀಯ ಪತ್ರಿಕೆಗಳು ಸ್ಥಳೀಯ ಸರ್ಕಾರದ ಕೈಯಲ್ಲಿರ್ತವೆ, ಆ ಸರ್ಕಾರಕ್ಕೆ ತೆರಿಗೆ, ಕೆಲಸ ಕೊಡೋದು ಸ್ಥಳೀಯ ಕಂಪನಿ. ಅದಕ್ಕೇ ಒಂದು ಊರಿನ ಪತ್ರಕರ್ತರು ಇನ್ನೊಂದು ಊರಿಗೆ ಹೋಗಿ ಅಲ್ಲಿನ ಹುಳುಕು ಬರೆಯೋ ರೂಢಿ ಬೆಳೀತು. 2004ರಲ್ಲಿ ಮೇಲಿನವರು ಅದಕ್ಕೂ ಕಡಿವಾಣ ಹಾಕೋಕೆ ನೋಡಿದ್ರು. ಅಂದ್ರೆ "ನಮ್ಮೋರು" ಅನ್ನೋದು ದೇಶದ ಗಡಿಯಲ್ಲಿ ಮಾತ್ರ ಇರಲ್ಲ, ಜಿಲ್ಲೆಯ ಗಡಿಯಲ್ಲೂ ಇರುತ್ತೆ.

ಸರಿ, ಅದು ಸರ್ಕಾರಿ ಹಿಡಿತದ ಚೀನಾ, ಸ್ವತಂತ್ರ ಪತ್ರಿಕೆ ಇರೋ ಕಡೆ ಹಿಂಗೆಲ್ಲ ಇರಲ್ಲ ಅಂತೀರಾ? ಜರ್ಮನಿಯಲ್ಲಿ ಗೈಡೋ ಫ್ರೀಬೆಲ್, ಮಥಿಯಾಸ್ ಹೈನ್ಜ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು ಡೀ ವೆಲ್ಟ್ ಅನ್ನೋ ರಾಷ್ಟ್ರೀಯ ಪತ್ರಿಕೆಯ ಸುದ್ದಿಗಳನ್ನ ಕೂತು ಲೆಕ್ಕ ಹಾಕಿದ್ರು. ಕಂಪನಿಗಳು ಕೆಲಸದವರನ್ನ ತೆಗೆದಾಗ ಎಷ್ಟು ಸುದ್ದಿ ಬಂತು ಅಂತ. 2014ರಲ್ಲಿ ಪ್ರಕಟ ಆದ ಅವರ ಅಧ್ಯಯನದ ಪ್ರಕಾರ, ಕೆಲಸದಿಂದ ತೆಗೆದಿದ್ದು ವಿದೇಶಿ ಮಾಲೀಕರ ಕಂಪನಿ ಆದ್ರೆ ಸಿಗೋ ಪ್ರಚಾರ ಹೆಚ್ಚೂಕಮ್ಮಿ ಡಬಲ್. ಅಲ್ಲಿ ಯಾವ ಪಕ್ಷವೂ ಫೋನ್ ಮಾಡಿ ಹೇಳಿರಲಿಲ್ಲ.

ಮತ್ತೆ ಯಾಕೆ? ನಾನು ಓದಿದ್ದು ಕಾಮರ್ಸ್, ನನಗೆ ಮೊದಲು ಕಾಣೋದು ಜಮಾ-ಖರ್ಚು. ಪೇಪರ್‌ಗೆ ನಾವು ಕೊಡೋ ದುಡ್ಡಲ್ಲಿ ಪೇಪರ್ ನಡೆಯಲ್ಲ, ನಡೆಯೋದು ಜಾಹೀರಾತಿನಿಂದ. ಊರಿನ ಕಂಪನಿ ಜಾಹೀರಾತು ಕೊಡುತ್ತೆ, ಅದರ ಮ್ಯಾನೇಜರ್ ವರದಿಗಾರರ ಫೋನ್ ಎತ್ತುತ್ತಾರೆ, ನಾಳೆ ಮತ್ತೆ ಅವರ ಹತ್ರಾನೇ ಹೋಗ್ಬೇಕು. ಹೊರಗಿನ ಕಂಪನಿಯ ಹೆಡ್ ಆಫೀಸ್ ಎಲ್ಲೋ ಇರುತ್ತೆ, ಬೈದ್ರೆ ಕಳ್ಕೊಳ್ಳೋದು ಕಮ್ಮಿ. ಜೊತೆಗೆ ಓದೋರು ನಾವಿದ್ದೀವಲ್ಲ. ಹೊರಗಿನವರು ಮೋಸ ಮಾಡಿದ್ರು ಅನ್ನೋ ಹೆಡ್‌ಲೈನ್ ಮೇಲೆ ನಮ್ಮ ಬೆರಳು ಬೇಗ ಹೋಗುತ್ತೆ.

ಈಗ ಬಿಡದಿಗೆ ಬರೋಣ.

ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಶುರುವಾಗಿದ್ದು 1997ರಲ್ಲಿ. ಜಪಾನಿನ ಟೊಯೊಟಾದ ಪಾಲು 89, ಕಿರ್ಲೋಸ್ಕರ್ ಪಾಲು 11. ಹೆಸರಲ್ಲೇ ಎರಡು ದೇಶ ಇದೆ. ಹೊಸ ಕಾರು ಬಿಟ್ಟಾಗ, ಸಾವಿರಾರು ಕೋಟಿ ಹೂಡಿಕೆ ಅಂದಾಗ ಅದು "ನಮ್ಮ ಬಿಡದಿ". ಗೇಟ್ ಮುಚ್ಚಿದಾಗ "ಜಪಾನ್ ಮೂಲದ ಕಂಪನಿ". ನನಗಂತೂ ಹಾಗೆ ಕಂಡಿದೆ, ನೀವೂ ಹಳೇ ಸುದ್ದಿ ತೆಗೆದು ನೋಡಿ.

2020ರ ನವೆಂಬರ್ ನೆನಪಿದೆಯಾ? ಒಬ್ಬ ಕಾರ್ಮಿಕರನ್ನ ಸಸ್ಪೆಂಡ್ ಮಾಡಿದ್ರು, ಕಾರ್ಮಿಕರು ಒಳಗೇ ಧರಣಿ ಕೂತ್ರು, ನವೆಂಬರ್ 10ಕ್ಕೆ ಕಂಪನಿ ಲಾಕ್‌ಔಟ್ ಘೋಷಿಸಿತು. ಸರ್ಕಾರದ ಆದೇಶ ಬಂದ ಮೇಲೆ 19ಕ್ಕೆ ತೆರವು, 23ಕ್ಕೆ ಮತ್ತೆ ಲಾಕ್‌ಔಟ್, ಕೊನೆಗೆ ತೆಗೆದಿದ್ದು 2021ರ ಜನವರಿ 12ಕ್ಕೆ. ಆ ದಿನಗಳಲ್ಲಿ ನಮ್ಮ ಕಡೆ ಟೀ ಅಂಗಡಿಗಳಲ್ಲಿ ಎಲ್ರೂ ಅಂತಿದ್ದಿದ್ದು "ಟೊಯೊಟಾದಲ್ಲಿ ಸ್ಟ್ರೈಕ್" ಅಂತ. ಕೆಲಸ ನಿಲ್ಲಿಸೋದು ಕಾರ್ಮಿಕರಾದ್ರೆ ಅದು ಸ್ಟ್ರೈಕ್, ಬಾಗಿಲು ಹಾಕೋದು ಕಂಪನಿ ಆದ್ರೆ ಅದು ಲಾಕ್‌ಔಟ್. ಇಲ್ಲಿ ಎರಡೂ ಇತ್ತು. ಆದ್ರೆ ಯಾವ ಪದ ತಲೇಲಿ ಉಳೀತು ಅನ್ನೋದರ ಮೇಲೆ ತಪ್ಪು ಯಾರದು ಅಂತ ನಾವು ಆಗ್ಲೇ ತೀರ್ಮಾನ ಮಾಡಿಬಿಟ್ಟಿದ್ವಿ.

ಅದೇ ಹೊತ್ತಲ್ಲಿ, ಡಿಸೆಂಬರ್ 12ಕ್ಕೆ, ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಿಸ್ತಿದ್ದ ತೈವಾನಿನ ವಿಸ್ಟ್ರಾನ್ ಫ್ಯಾಕ್ಟರಿಯಲ್ಲಿ ಗಲಾಟೆ ಆಯ್ತು. ಮೊದಲ ದಿನಗಳ ಹೆಡ್‌ಲೈನ್: 437 ಕೋಟಿ ನಷ್ಟ. ಎಲ್ಲಿಂದ ಬಂತು ಆ ಅಂಕಿ? ಪೊಲೀಸರಿಗೆ ಕಂಪನಿ ಕಡೆಯಿಂದ ಹೋದ ದೂರಿನಿಂದ. ಕೆಲವೇ ದಿನಕ್ಕೆ ಅದೇ ಕಂಪನಿ ತೈವಾನಿನ ಷೇರು ಮಾರುಕಟ್ಟೆಗೆ ಹೇಳಿದ್ದು ನಮ್ಮ ದುಡ್ಡಲ್ಲಿ ಸುಮಾರು 26ರಿಂದ 52 ಕೋಟಿ. ಪೊಲೀಸ್ ಸ್ಟೇಷನ್‌ನಲ್ಲಿ ಒಂದು ಲೆಕ್ಕ, ಷೇರುದಾರರ ಮುಂದೆ ಇನ್ನೊಂದು. ಡಿಸೆಂಬರ್ 19ಕ್ಕೆ ವಿಸ್ಟ್ರಾನ್ ಕೆಲವು ಕಾರ್ಮಿಕರಿಗೆ ಸರಿಯಾಗಿ ಸಂಬಳ ಕೊಟ್ಟಿಲ್ಲ ಅಂತ ಒಪ್ಕೊಂಡು ಕ್ಷಮೆ ಕೇಳ್ತು, ಆ್ಯಪಲ್ ಅವರಿಗೆ ಹೊಸ ಆರ್ಡರ್ ನಿಲ್ಲಿಸ್ತು.

ಇಲ್ಲಿ ನೋಡಿ, ವಿದೇಶಿ ಕಂಪನಿಗೆ ಮೊದಲು ಸಿಕ್ಕಿದ್ದು ಬೈಗುಳ ಅಲ್ಲ, ಅನುಕಂಪ. ಯಾಕಂದ್ರೆ ಚೀನಾ ಬಿಟ್ಟು ಬರೋ ಫ್ಯಾಕ್ಟರಿಗಳು ಕರ್ನಾಟಕಕ್ಕೆ ಬೇಕಿತ್ತು. ಹೂಡಿಕೆದಾರರಿಗೆ ಯಾವ ಸಂದೇಶ ಹೋಗುತ್ತೆ ಅನ್ನೋದೇ ದೊಡ್ಡ ಚಿಂತೆ ಆಗಿತ್ತು, ಪ್ರಧಾನಿಗೂ ಆತಂಕ ಆಗಿದೆ ಅಂತ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರೇ ಹೇಳಿದ್ರು. ಹಾಗಾಗಿ ನನ್ನ ಅಭಿಪ್ರಾಯದಲ್ಲಿ ಸ್ವದೇಶಿ ಪಕ್ಷಪಾತ ಅನ್ನೋ ಹೆಸರು ಪೂರ್ತಿ ಸರಿ ಇಲ್ಲ. ಈ ಹೊತ್ತಿಗೆ ದೇಶಕ್ಕೆ ಯಾರು ಬೇಕಾಗಿದ್ದಾರೋ ಅವರ ಕಡೆ ಸುದ್ದಿ ವಾಲುತ್ತೆ. ಚೀನಾದಲ್ಲಿ ಅದು ಬಹುಪಾಲು ಅವರದೇ ಕಂಪನಿಗಳು. ನಮ್ಮಲ್ಲಿ ಕೆಲವೊಮ್ಮೆ ಹೊರಗಿನವರು. ನರಸಾಪುರದ ಆ ಫ್ಯಾಕ್ಟರಿಯನ್ನ 2023ರಲ್ಲಿ ಟಾಟಾದವರು ಕೊಂಡ್ಕೊಂಡ್ರು. ಅದೇ ಶೆಡ್, ಅದೇ ಫೋನ್. ಮುಂದೆ ಅಲ್ಲಿ ಏನಾದ್ರೂ ಆದ್ರೆ ಹೆಡ್‌ಲೈನ್ ಹೇಗಿರುತ್ತೆ ಅಂತ ನೋಡೋಕೆ ನಾನು ಕಾಯ್ತಿದ್ದೀನಿ.

ಕೊನೆಗೆ ಕನಕಪುರದ ಸ್ಕ್ರೀನ್‌ಶಾಟ್.

ಚೀನಾ ರೇಷ್ಮೆ ನಮ್ಮ ಗೂಡಿನ ರೇಟನ್ನ ಬೀಳಿಸುತ್ತಾ? ಬೀಳಿಸುತ್ತೆ, ಅದರಲ್ಲಿ ಅನುಮಾನ ಇಲ್ಲ. ಪ್ರಪಂಚದಲ್ಲಿ ಅತಿ ಹೆಚ್ಚು ರೇಷ್ಮೆ ತೆಗೆಯೋದು ಅವರು, ಎರಡನೇದು ನಾವು. ಆದ್ರೆ ಆ ರೇಷ್ಮೆ ತಾನಾಗೇ ನಡ್ಕೊಂಡು ಬರಲ್ಲ. 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನ ಶೇ 30ರಿಂದ ಶೇ 5ಕ್ಕೆ ಇಳಿಸಿದ್ರು. ರಾಮನಗರದ ಮಾರ್ಕೆಟ್‌ನಲ್ಲಿ ರೇಟು ನೆಲ ಕಚ್ಚಿತು. 2013ರಲ್ಲಿ ಶೇ 15ಕ್ಕೆ ಏರಿಸಿದ್ರು. ನಡುವೆ ಶೇ 10 ಆಗಿ, 2021ರಲ್ಲಿ ಮತ್ತೆ ಶೇ 15. ಈ ಸುಂಕ ಇಳಿಸಿದ್ದು, ಏರಿಸಿದ್ದು ಎಲ್ಲಾ ದೆಹಲಿ. ತರಿಸ್ಕೊಂಡಿದ್ದು ಇಲ್ಲಿನ ವ್ಯಾಪಾರಿಗಳು. ಕಮ್ಮಿ ಬೆಲೆಗೆ ನೂಲು ಬೇಕು ಅಂತ ಕೇಳಿದ್ದು ನಮ್ಮದೇ ನೇಕಾರಿಕೆ ಉದ್ಯಮ, ಅವರಿಗೂ ಅವರ ಕಷ್ಟ ಇದೆ. ಸುದ್ದಿಯಲ್ಲಿ ಇವರ್ಯಾರ ಹೆಸರೂ ಇರಲ್ಲ. ಇರೋದು "ಚೀನಾ" ಒಂದೇ. ಆ ಕಡೆ "ಒಂದು ಬ್ರ್ಯಾಂಡ್" ಅಂದ್ರಲ್ಲ, ಈ ಕಡೆ "ಕೆಲವು ಆಮದುದಾರರು" ಅನ್ನೋ ಪದಾನೂ ಬರಲ್ಲ.

ಚನ್ನಪಟ್ಟಣದ ಬೊಂಬೆ ಕಥೆಯೂ ಹೆಚ್ಚೂಕಮ್ಮಿ ಹಿಂಗೇ. 2020ರಲ್ಲಿ ಆಟಿಕೆ ಆಮದು ಸುಂಕ ಶೇ 20ರಿಂದ 60ಕ್ಕೆ ಏರಿದಾಗ ಚೀನಾಗೆ ಏಟು ಅಂತ ಸುದ್ದಿ ಆಯ್ತು. 2021ರ ಜನವರಿಯಿಂದ ಆಟಿಕೆಗಳಿಗೆ ಗುಣಮಟ್ಟದ ಬಿಐಎಸ್ ಗುರುತು ಬೇಕು ಅನ್ನೋ ನಿಯಮ ಬಂದಾಗ ಅರಗಿನ ಬಣ್ಣ ಹಾಕೋ ಸಣ್ಣ ಕುಶಲಕರ್ಮಿಯ ಪಾಡೇನು ಅನ್ನೋದು ಅಷ್ಟು ಸುದ್ದಿ ಆಗಲಿಲ್ಲ ಅಂತ ನನಗನ್ಸುತ್ತೆ. ಅದಕ್ಕೆ ಬೇರೆ ಎಪಿಸೋಡ್ ಮಾಡ್ಬೇಕು.

ವಾಯ್ಸ್ ನೋಟ್ ಕಳಿಸಿದವರಿಗೆ ನಾನು ಇಷ್ಟು ಟೈಪ್ ಮಾಡಿ ಕಳಿಸ್ದೆ: ಗೂಡಿನ ರೇಟು ಬಿದ್ದ ಸುದ್ದಿ ಮುಂದಿನ ಸಲ ಬಂದ್ರೆ, ಅದರಲ್ಲಿ ಆ ವಾರದ ಆಮದು ಸುಂಕ ಎಷ್ಟು, ಯಾರು ತರಿಸಿದ್ರು ಅಂತ ಇದೆಯಾ ನೋಡಿ. ಇಲ್ಲ ಅಂದ್ರೆ ವರದಿಗಾರರಿಗೇ ಫೋನ್ ಮಾಡಿ ಕೇಳಿ, ಸ್ಥಳೀಯ ಪುಟದ ವರದಿಗಾರರು ಸಾಮಾನ್ಯವಾಗಿ ಫೋನ್ ಎತ್ತುತ್ತಾರೆ. ಅವರ ಉತ್ತರ ಬಂತು: "ನಮ್ಮಪ್ಪ ಇಷ್ಟು ವರ್ಷ ಚೀನಾದವರನ್ನ ಬೈಕೊಂಡು ಕೂತಿದ್ರು ಅಣ್ಣ. ಈಗ ಬಜೆಟ್ ದಿನ ಟಿವಿ ಹಾಕು ಅಂತಿದ್ದಾರೆ."