ಬಿಸಿಲು ನಾಡಿನಲ್ಲಿ ತಂಪಾದ ಶೆಡ್ ಕಟ್ಟುವುದು ಹೇಗೆ?

ಕಲಬುರಗಿಯಲ್ಲಿ ತೊಗರಿ ಬೇಳೆ ಮಿಲ್, ರಾಯಚೂರಿನಲ್ಲಿ ಹತ್ತಿ ಜಿನ್ನಿಂಗ್, ಬಳ್ಳಾರಿಯಲ್ಲಿ ಜೀನ್ಸ್ ಹೊಲಿಗೆ. ಕೆಲಸ ಬೇರೆಯಾದರೂ ಕಟ್ಟಡ ಹೆಚ್ಚಾಗಿ ಒಂದೇ ಥರ: ಕಬ್ಬಿಣದ ಕಂಬ, ಮೇಲೆ ತಗಡು. ಏಪ್ರಿಲ್-ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿದರೆ ಆ ತಗಡು 60 ಡಿಗ್ರಿ ಮೀರಿ ಕಾಯುತ್ತದೆ. ಕೆಳಗೆ ಕೂತವರಿಗೆ ಫ್ಯಾನು ಬೀಸುವುದೂ ಬಿಸಿಗಾಳಿಯನ್ನೇ.

ಹವಾಮಾನ ನೋಡಿ ಕಟ್ಟಿದರೆ ಈ ಕಷ್ಟ ಬಹಳಷ್ಟು ತಪ್ಪುತ್ತದೆ. ವಾಸ್ತುಶಿಲ್ಪಿಗಳು ಇದನ್ನು ‘ಕ್ಲೈಮೇಟ್ ರೆಸ್ಪಾನ್ಸಿವ್ ಡಿಸೈನ್’, ಅಂದರೆ ಹವಾಮಾನಕ್ಕೆ ಒಗ್ಗುವ ವಿನ್ಯಾಸ ಎನ್ನುತ್ತಾರೆ. ಸೂತ್ರ ಸರಳ: ಒಳಗೆ ಬಂದ ಶಾಖವನ್ನು ಓಡಿಸುವುದಕ್ಕಿಂತ ಬಾರದಂತೆ ತಡೆಯುವುದು ಅಗ್ಗ.

ಮೊದಲು ದಿಕ್ಕು

ಶೆಡ್ಡಿನ ಉದ್ದ ಪೂರ್ವ-ಪಶ್ಚಿಮವಾಗಿರಲಿ. ಆಗ ಉದ್ದದ ಗೋಡೆಗಳು ಉತ್ತರಕ್ಕೂ ದಕ್ಷಿಣಕ್ಕೂ ಮುಖ ಮಾಡುತ್ತವೆ. ಬೇಸಿಗೆಯ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲಿರುವುದರಿಂದ ಈ ಗೋಡೆಗಳಿಗೆ ಚಿಕ್ಕ ಸಜ್ಜಾ ಸಾಕು. ಬೆಳಗಿನ ಮತ್ತು ಸಂಜೆಯ ಬಿಸಿಲು ಮಾತ್ರ ಪೂರ್ವ, ಪಶ್ಚಿಮದ ಚಿಕ್ಕ ಗೋಡೆಗಳ ಮೇಲೆ ಓರೆಯಾಗಿ ಬೀಳುತ್ತದೆ. ಅದನ್ನು ಸಜ್ಜಾ ತಡೆಯದು.

ಸೈಟೇ ಉತ್ತರ-ದಕ್ಷಿಣ ಉದ್ದವಾಗಿದ್ದರೆ? ಗೋದಾಮು, ಶೌಚಾಲಯ, ಮೆಟ್ಟಿಲುಗಳನ್ನು ಪಶ್ಚಿಮದ ಬದಿಗೆ ಸಾಲಾಗಿ ಇಡಿ. ಕೆಲಸದ ಜಾಗಕ್ಕೆ ಅವೇ ನೆರಳು. ಆಚೆ ಬೇವು, ಹೊಂಗೆ ನೆಡಿ.

ಛಾವಣಿಗೆ ಹೆಚ್ಚು ಗಮನ

ಒಂದೇ ಮಹಡಿಯ ಶೆಡ್ಡಿಗೆ ಅತಿ ಹೆಚ್ಚು ಶಾಖ ಇಳಿಯುವುದು ಛಾವಣಿಯಿಂದ. ಹೊಳೆಯುವ ತಗಡು ಬಿಸಿಲನ್ನು ವಾಪಸ್ ಕಳಿಸುತ್ತದಲ್ಲ ಎಂದು ನೀವು ಕೇಳಬಹುದು. ಕಳಿಸುತ್ತದೆ ನಿಜ, ಆದರೆ ಹೀರಿಕೊಂಡ ಶಾಖವನ್ನು ಅದು ಸುಲಭವಾಗಿ ಬಿಡುವುದಿಲ್ಲ. ಬಿಳಿ ‘ಕೂಲ್ ರೂಫ್’ ಬಣ್ಣ ಎರಡನ್ನೂ ಮಾಡುತ್ತದೆ. ಧೂಳು ಕೂತರೆ ಅದರ ಗುಣ ಇಳಿಯುತ್ತದೆ. ಬೇಸಿಗೆಗೆ ಮುಂಚೆ ಒಮ್ಮೆ ತೊಳೆಸಿ.

ಇದರ ಜೊತೆಗೆ ‘ಇನ್ಸುಲೇಷನ್’, ಅಂದರೆ ಶಾಖ ತಡೆಯುವ ಪದರ ಬೇಕು. ತಗಡಿನ ಕೆಳಗೆ ಗ್ಲಾಸ್‌ವುಲ್ ಹಾಸಬಹುದು. ಎರಡು ತಗಡಿನ ನಡುವೆ ಫೋಮ್ ತುಂಬಿದ ಪಫ್ ಪ್ಯಾನೆಲ್ಲನ್ನೂ ಹಾಕಿಸಬಹುದು. ಹತ್ತಿಯಂಥ ಬೇಗ ಬೆಂಕಿ ಹಿಡಿಯುವ ಮಾಲಿದ್ದರೆ ಬೆಂಕಿಗೆ ಉರಿಯದ ಪದರವನ್ನೇ ಕೇಳಿ.

ಬೆಳಕಿಗಾಗಿ ಛಾವಣಿಯಲ್ಲಿ ಪಾರದರ್ಶಕ ಶೀಟು ಹಾಕಿದರೆ ಬಿಸಿಲೂ ಇಳಿಯುತ್ತದೆ. ಹೊಲಿಗೆಯಂಥ ಕೆಲಸಕ್ಕೆ ‘ನಾರ್ತ್ ಲೈಟ್’ ಒಳ್ಳೆಯದು. ಇದು ಗರಗಸದ ಹಲ್ಲಿನ ಆಕಾರದ ಛಾವಣಿ; ಗಾಜು ಉತ್ತರಕ್ಕೆ ಮಾತ್ರ ಇರುತ್ತದೆ. ನಮ್ಮ ಕಡೆ ಜೂನ್ ಸುಮಾರಿಗೆ ಸೂರ್ಯ ಸ್ವಲ್ಪ ಉತ್ತರಕ್ಕೆ ವಾಲುತ್ತಾನೆ. ಆದ್ದರಿಂದ ಆ ಗಾಜಿಗೂ ಚಿಕ್ಕ ಸಜ್ಜಾ ಇರಲಿ.

ಗೋಡೆ, ಪಾಳಿ, ಗಾಳಿ

ಒಂದಡಿ ದಪ್ಪದ ಕಲ್ಲು ಅಥವಾ ಇಟ್ಟಿಗೆ ಗೋಡೆಯನ್ನು ಶಾಖ ದಾಟಲು ಸುಮಾರು 8 ಗಂಟೆ ಬೇಕು. ಹಗಲು ಪಾಳಿ ಮಾತ್ರ ಇದ್ದರೆ ಇದು ಲಾಭ: ಶಾಖ ಒಳಗೆ ಬರುವ ಹೊತ್ತಿಗೆ ಕೆಲಸಗಾರರು ಮನೆ ಸೇರಿರುತ್ತಾರೆ. ರಾತ್ರಿ ಕಿಟಕಿ ತೆರೆದಿಟ್ಟರೆ ತಂಪು ಗಾಳಿ ಗೋಡೆಯನ್ನು ಆರಿಸುತ್ತದೆ. ರಾತ್ರಿ ಪಾಳಿಯೂ ಇದ್ದರೆ ಪಶ್ಚಿಮದ ದಪ್ಪ ಗೋಡೆ ರಾತ್ರಿಯಿಡೀ ಬಿಸಿ ಉಗುಳುತ್ತದೆ. ಆಗ ಅದಕ್ಕೆ ನೆರಳು ಕಟ್ಟಲೇಬೇಕು. ಹೀಗಾಗಿ ನಕ್ಷೆ ಬರೆಸುವಾಗ ಪಾಳಿಯ ವೇಳೆಯನ್ನೂ ಹೇಳಿ.

ಬಿಸಿಗಾಳಿ ಮೇಲೇರುತ್ತದೆ. ಕೆಳಗೆ ಕಿಟಕಿ ಇಟ್ಟು, ಛಾವಣಿಯ ನೆತ್ತಿಯುದ್ದಕ್ಕೂ ಕಿಂಡಿ ಬಿಟ್ಟರೆ ಅದು ತಾನಾಗಿ ಹೊರಹೋಗುತ್ತದೆ. ಈ ಕಿಂಡಿಗೆ ‘ರಿಡ್ಜ್ ವೆಂಟ್’ ಎನ್ನುತ್ತಾರೆ. ಗಾಳಿಗೆ ತಿರುಗುವ ಟರ್ಬೋ ವೆಂಟಿಲೇಟರಿಗೂ ಕರೆಂಟು ಬೇಡ.

ಇಷ್ಟಾದ ಮೇಲೆ ಕೂಲರ್

ಒಣ ಹವೆಯಲ್ಲಿ ನೀರು ಬೇಗ ಆವಿಯಾಗುತ್ತದೆ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 0.67 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖ ಹೀರುತ್ತದೆ. 40 ಡಿಗ್ರಿ ಬಿಸಿಲಿದ್ದು, ತೇವಾಂಶ ಶೇ. 20 ಇದ್ದರೆ ಒಳ್ಳೆಯ ಡಕ್ಟ್ ಕೂಲರ್ 26-27 ಡಿಗ್ರಿಯ ಗಾಳಿ ಕೊಡಬಲ್ಲದು. ಬಂದಷ್ಟು ಗಾಳಿ ಹೊರಹೋಗಲು ದಾರಿ ಇರಲೇಬೇಕು. ಇಲ್ಲದಿದ್ದರೆ ಸೆಕೆ ಕಟ್ಟುತ್ತದೆ. ಮಳೆಗಾಲದಲ್ಲಿ ಕೂಲರಿನ ಉಪಯೋಗ ಕಡಿಮೆ. ಬೋರಿನ ಗಡಸು ನೀರು ಕೂಲರಿನ ಪ್ಯಾಡಿನ ಮೇಲೆ ಪದರಗಟ್ಟುತ್ತದೆ. ಬೇಳೆ ಇಡುವ ಗೋದಾಮಿಗೆ ತೇವದ ಗಾಳಿ ಬೇಡವೇ ಬೇಡ.

ಖರ್ಚು, ವಿಚಾರಣೆ

ಹೊಸ ಕಟ್ಟಡಕ್ಕೆ ದಿಕ್ಕು ಆರಿಸಲು ದುಡ್ಡು ಬೇಡ. ಛಾವಣಿಗೆ ಬಳಿಯುವ ಸುಣ್ಣ ಅತಿ ಅಗ್ಗ, ಆದರೆ ಮಳೆಗೆ ತೊಳೆದುಹೋಗುತ್ತದೆ. ಕೂಲ್ ರೂಫ್ ಬಣ್ಣ ಅದಕ್ಕಿಂತ ದುಬಾರಿ, ಪಫ್ ಪ್ಯಾನೆಲ್ ಇನ್ನೂ ದುಬಾರಿ. ದರ ಕೇಳುವಾಗ ಚದರಡಿಗೆ ಸಾಮಾನು, ಕೂಲಿ, ಗ್ಯಾರಂಟಿ ವರ್ಷ ಮೂರನ್ನೂ ಬರೆಸಿಕೊಳ್ಳಿ. ತಗಡು, ಪಫ್ ಪ್ಯಾನೆಲ್‌ಗಳು ರೂಫಿಂಗ್ ಶೀಟ್ ವ್ಯಾಪಾರಿಗಳಲ್ಲಿ ಸಿಗುತ್ತವೆ.

ಕಾರ್ಖಾನೆಯ ನಕ್ಷೆಗೆ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಯ ಒಪ್ಪಿಗೆ ಬೇಕು. ಗೋಡೆ, ಛಾವಣಿಗಳು ಒಳಗಿನ ಬಿಸಿಯನ್ನು ಆದಷ್ಟು ಕಡಿಮೆ ಇಡುವಂತಿರಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯ 13ನೇ ಸೆಕ್ಷನ್ನೇ ಹೇಳಿತ್ತು. ಇಂಧನ ಉಳಿತಾಯದ ಮಾಹಿತಿಗೆ ರಾಜ್ಯದ ಸಂಸ್ಥೆ ಕ್ರೆಡಲ್ ಇದೆ.

ಗುತ್ತಿಗೆದಾರರಿಗೆ ಮುಂಗಡ ಕೊಡುವ ಮುನ್ನ ಮೂರು ಪ್ರಶ್ನೆ ಕೇಳಿ. ಉದ್ದದ ಗೋಡೆ ಯಾವ ದಿಕ್ಕಿಗಿದೆ? ತಗಡಿನ ಕೆಳಗೆ ಏನಿದೆ? ಬಿಸಿಗಾಳಿ ಎಲ್ಲಿಂದ ಹೊರಹೋಗುತ್ತದೆ? ಮೂರಕ್ಕೂ ಉತ್ತರ ನಕ್ಷೆಯಲ್ಲೇ ಕಾಣಬೇಕು. ಕಟ್ಟಿದ ಮೇಲೆ ಛಾವಣಿಗೆ ಬಣ್ಣ ಬಳಿಯಬಹುದು, ದಿಕ್ಕು ತಿರುಗಿಸಲಾಗದು.